ಎರಡು ಬೆಸುಗೆಯ ಎಂಟು ವರ್ಷ: ಅಮೆರಿಕದ ಎಂಡಿ-ಪಿಎಚ್‌ಡಿ ಕಾರ್ಯಕ್ರಮ ಹೇಗಿದೆ?

ಎಂಟು ವರ್ಷ, ಎರಡು ಪದವಿ, ಫೀಸಿಲ್ಲ, ಮೇಲೆ ತಿಂಗಳು ತಿಂಗಳು ಕೈಗೆ ಹಣ. ಅಮೆರಿಕದ ಎಂಡಿ-ಪಿಎಚ್‌ಡಿ ಕಾರ್ಯಕ್ರಮಗಳು ತಮ್ಮ ಬಗ್ಗೆ ಹೇಳಿಕೊಳ್ಳುವುದು ಇಷ್ಟು, ಇದರಲ್ಲಿ ಸುಳ್ಳೇನೂ ಇಲ್ಲ. ಅಲ್ಲಿ ಎಂಡಿ ಎಂದರೆ ವೈದ್ಯರಾಗುವ ಮೊದಲ ಪದವಿ, ನಮ್ಮ ಎಂಬಿಬಿಎಸ್ ಇದ್ದಂತೆ. ಬೆಳಗ್ಗೆ ರೋಗಿಯನ್ನು ನೋಡಿ ಮಧ್ಯಾಹ್ನ ಅದೇ ರೋಗದ ಬೇರನ್ನು ಲ್ಯಾಬಿನಲ್ಲಿ ಹುಡುಕಬಲ್ಲ ವೈದ್ಯರನ್ನು ತಯಾರು ಮಾಡುವುದು ಇವುಗಳ ಉದ್ದೇಶ. ಎರಡು ಓದನ್ನೂ ಜೋಡಿಸಿದ ಮೊದಲ ಕೋರ್ಸು 1956ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ, ಇಂದಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. 1964ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ತಾನೇ ಹಣ ಹಾಕಿ ಆಲ್ಬರ್ಟ್ ಐನ್‌ಸ್ಟೈನ್ ಕಾಲೇಜು, ನ್ಯೂಯಾರ್ಕ್ ವಿಶ್ವವಿದ್ಯಾಲಯ, ನಾರ್ತ್‌ವೆಸ್ಟರ್ನ್, ಈ ಮೂರು ಕಡೆ ಎಂಎಸ್‌ಟಿಪಿ (ವೈದ್ಯ-ವಿಜ್ಞಾನಿ ತರಬೇತಿ) ಹೆಸರಿನಲ್ಲಿ ಅದನ್ನು ನೆಲೆಗೊಳಿಸಿತು. ಈಗ ಎನ್‌ಐಎಚ್ ಅನುದಾನದ ಕಾರ್ಯಕ್ರಮಗಳೇ 50ಕ್ಕಿಂತ ಹೆಚ್ಚಿವೆ. ಅನುದಾನವಿಲ್ಲದೆ ಕಾಲೇಜಿನ ದುಡ್ಡಲ್ಲೇ ನಡೆಯುವಂಥವು ಬೇರೆ.

ಒಳಗಿನಿಂದ ನೋಡಿದರೆ ಇದು ಎರಡು ಬೇರೆ ಯಂತ್ರಗಳನ್ನು ತಂದು ಬೆಸೆದದ್ದು. ಮೆಡಿಕಲ್ ಸ್ಕೂಲು ಕ್ಯಾಲೆಂಡರಿನ ಮೇಲೆ ಓಡುತ್ತದೆ: ಇಂಥ ಸೋಮವಾರ ಸರ್ಜರಿ ಪೋಸ್ಟಿಂಗ್ ಶುರು ಅಂದರೆ ಶುರು. ಲ್ಯಾಬಿಗೆ ಕ್ಯಾಲೆಂಡರೇ ಇಲ್ಲ, ಪ್ರಯೋಗ ಮುಗಿದಾಗ ಮುಗಿಯಿತು. ಎರಡು ವರ್ಷ ಮೆಡಿಕಲ್ ತರಗತಿ (ಈಗ ಹಲವು ಕಡೆ ಒಂದೂವರೆ ವರ್ಷ), ಮೂರರಿಂದ ಐದು ವರ್ಷ ಪಿಎಚ್‌ಡಿ, ಮತ್ತೆ ಎರಡು ವರ್ಷ ವಾರ್ಡು. ಸರಾಸರಿ ಎಂಟು ವರ್ಷ. ತರಗತಿಯಿಂದ ಲ್ಯಾಬಿಗೆ ಹೋಗುವಾಗ ಒಂದು ಬೆಸುಗೆ, ಲ್ಯಾಬಿನಿಂದ ವಾರ್ಡಿಗೆ ಮರಳುವಾಗ ಇನ್ನೊಂದು. ಪಾತ್ರೆ ಸೋರುವುದು ಬೆಸುಗೆಯಲ್ಲಿ ತಾನೆ. ಕಾಲೇಜಿನ ರ‍್ಯಾಂಕು, ಕಟ್ಟಡದ ಗಾಜು, ನೊಬೆಲ್ ಪಡೆದವರ ಫೋಟೋ ಇದನ್ನೆಲ್ಲ ಪಕ್ಕಕ್ಕಿಟ್ಟು ಆ ಎರಡು ಜಾಗವನ್ನು ಬೆರಳಿಂದ ತಟ್ಟಿ ನೋಡುವುದೇ ಇಲ್ಲಿನ ಕೆಲಸ.

ಮೊದಲು ಹಣ, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಟ್ಯೂಷನ್ ಪೂರ್ತಿ ಮಾಫಿ, ಆರೋಗ್ಯ ವಿಮೆ ಸಾಮಾನ್ಯವಾಗಿ ಅವರದೇ. 2024ರಲ್ಲಿ ಎನ್‌ಐಎಚ್ ನಿಗದಿ ಮಾಡಿದ ಸ್ಟೈಪೆಂಡು ವರ್ಷಕ್ಕೆ 28,224 ಡಾಲರ್. ಬಾಸ್ಟನ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದರಲ್ಲಿ ಬಾಡಿಗೆ ಕಟ್ಟಿದರೆ ಊಟಕ್ಕಿಲ್ಲ, ಹಾಗಾಗಿ ಕಾರ್ಯಕ್ರಮಗಳು ಮೇಲೆ ತಮ್ಮ ಹಣ ಸೇರಿಸಿ ಕೊಡುತ್ತವೆ. ಬರೀ ಎಂಡಿ ಮಾಡಿದವರಲ್ಲಿ ಸಾಲ ಮಾಡಿದವರ ಬೆನ್ನ ಮೇಲೆ ಸುಮಾರು 2 ಲಕ್ಷ ಡಾಲರ್ ಹೊರೆ ಕೂತಿರುತ್ತದೆ, ಇವರಿಗೆ ಅದಿಲ್ಲ. ಹಾಗಂತ ಇದನ್ನು ಲಾಭದ ವ್ಯವಹಾರ ಅಂದುಕೊಂಡು ಸೇರಬೇಡಿ. ನಾಲ್ಕು ವರ್ಷ ತಡವಾಗಿ ಕೆಲಸಕ್ಕೆ ಸೇರುವುದೆಂದರೆ ಪೂರ್ಣ ಡಾಕ್ಟರ ಸಂಬಳದ ನಾಲ್ಕು ವರ್ಷ ಕೈಬಿಟ್ಟಂತೆ, ಆ ಲೆಕ್ಕದ ಮುಂದೆ 2 ಲಕ್ಷ ಸಣ್ಣದು.

ಹಣದ ವಿಷಯದಲ್ಲಿ ಜನ ನಿಜವಾಗಿ ಎಡವುವುದು ತೆರಿಗೆಯಲ್ಲಿ. ಈ ಸ್ಟೈಪೆಂಡು ಸಂಬಳವಲ್ಲ, ಫೆಲೋಶಿಪ್. ಅದರಿಂದ ತೆರಿಗೆ ಮುರಿದುಕೊಳ್ಳುವುದಿಲ್ಲ, ಸಾಮಾನ್ಯವಾಗಿ ಸಂಬಳದ ಲೆಕ್ಕ ತೋರಿಸುವ ಡಬ್ಲ್ಯು-2 ಫಾರಮ್ಮೂ ಬರುವುದಿಲ್ಲ. ಪೂರ್ತಿ ಹಣ ಕೈಗೆ ಬಂತೆಂದು ಖರ್ಚು ಮಾಡಿದವರಿಗೆ ಏಪ್ರಿಲ್‌ನಲ್ಲಿ ಬಿಸಿ ಮುಟ್ಟುತ್ತದೆ. ಬೇರೆ ಆದಾಯವಿಲ್ಲದ, ಮದುವೆಯಾಗದ ವಿದ್ಯಾರ್ಥಿಗೆ 40,000 ಡಾಲರ್ ಬಂದರೆ 2024ರ ದರದಲ್ಲಿ ಫೆಡರಲ್ ತೆರಿಗೆ ಸುಮಾರು 2,800 ಡಾಲರ್, ರಾಜ್ಯದ್ದು ಬೇರೆ. ಅದನ್ನು 1040-ಇಎಸ್ ಫಾರಂ ಮೂಲಕ ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಜನವರಿ 15ಕ್ಕೆ ಕಂತಿನಲ್ಲಿ ಕಟ್ಟಬೇಕು. ಕಟ್ಟದಿದ್ದರೆ ದಂಡ. ಇನ್ನೊಂದು ಗುಟ್ಟು ಮೊದಲೆರಡು ವರ್ಷದ ಹುಡುಗ ಹುಡುಗಿಯರಿಗೆ: 24 ತುಂಬದ, ಪೂರ್ಣಾವಧಿ ಓದುವವರ ಈ ಹಣವನ್ನು 'ಕಿಡ್ಡಿ ಟ್ಯಾಕ್ಸ್' ನಿಯಮ ದುಡಿದ ಹಣವೆಂದು ಎಣಿಸುವುದಿಲ್ಲ. 2024ರಲ್ಲಿ 2,600 ಡಾಲರ್ ದಾಟಿದ ಭಾಗಕ್ಕೆ ಅಪ್ಪ ಅಮ್ಮನ ದರದಲ್ಲಿ ತೆರಿಗೆ ಬೀಳಬಹುದು. ಅಪ್ಪ ಅಮ್ಮ ಇಬ್ಬರೂ ಸಾಫ್ಟ್‌ವೇರಿನಲ್ಲಿರುವ ನ್ಯೂಜೆರ್ಸಿ, ಬೇ ಏರಿಯಾ ಕನ್ನಡದ ಮನೆಗಳಲ್ಲಿ ಇದು ಸಣ್ಣ ಮೊತ್ತವಾಗಿರುವುದಿಲ್ಲ. ಇದರ ಲೆಕ್ಕ ಹಾಕುವ 8615 ಫಾರಂ ಒಮ್ಮೆ ತೆರೆದು ನೋಡಿ. ಸಮಾಧಾನಕ್ಕೆ, 2020ರಿಂದ ಇದೇ ಸ್ಟೈಪೆಂಡಿನಿಂದ ರಾತ್ ಐಆರ್‌ಎ ಎಂಬ ನಿವೃತ್ತಿ ಉಳಿತಾಯ ಖಾತೆಗೆ ಹಣ ಹಾಕಲು ಅವಕಾಶವಿದೆ.

ಇನ್ನು ಮೊದಲ ಬೆಸುಗೆ. ಮೆಡಿಕಲ್ ತರಗತಿ ಶುರುವಾಗುವ ಮೊದಲೇ, ಜೂನ್ ಜುಲೈನಲ್ಲಿ ಕರೆಸಿಕೊಂಡು ಆರರಿಂದ ಹತ್ತು ವಾರ ಒಂದು ಲ್ಯಾಬಿನಲ್ಲಿ ಕೂರಿಸುತ್ತಾರೆ. ಇದನ್ನು ರೊಟೇಷನ್ ಅನ್ನುತ್ತಾರೆ. ಇಂಥ ಎರಡು ಮೂರು ರೊಟೇಷನ್ ಮುಗಿದ ಮೇಲೆ ಒಬ್ಬ ಪಿಐಯನ್ನು, ಅಂದರೆ ಲ್ಯಾಬಿನ ಯಜಮಾನರನ್ನು, ಆರಿಸಿಕೊಳ್ಳಬೇಕು. ಎಂಟು ವರ್ಷದ ಗತಿ ನಿರ್ಧಾರವಾಗುವುದು ಈ ಆಯ್ಕೆಯಲ್ಲಿ. ಎಲ್ಲರೂ ಪಿಐ ಬರೆದ ಪೇಪರು ಎಣಿಸುತ್ತಾರೆ. ಎಣಿಸಬೇಕಾದದ್ದು ಬೇರೆ: ಆ ಲ್ಯಾಬಿನಿಂದ ಎಷ್ಟು ಎಂಡಿ-ಪಿಎಚ್‌ಡಿ ವಿದ್ಯಾರ್ಥಿಗಳು ನಾಲ್ಕು ವರ್ಷದಲ್ಲಿ ಹೊರಬಿದ್ದರು, ಮುಖ್ಯ ಅನುದಾನ ಯಾವ ವರ್ಷ ಮುಗಿಯುತ್ತದೆ, ಪಿಐ ಬೇರೆ ಊರಿಗೆ ಹೊರಡುವ ಸೂಚನೆಯಿದೆಯೆ. ಪಿಐ ಕಾಲೇಜು ಬದಲಿಸಿದರೆ ಸಾಮಾನ್ಯ ಪಿಎಚ್‌ಡಿ ವಿದ್ಯಾರ್ಥಿ ಗಂಟುಮೂಟೆ ಕಟ್ಟಿ ಹಿಂದೆ ಹೋಗಬಹುದು. ಎಂಡಿ-ಪಿಎಚ್‌ಡಿಯವರ ಮೆಡಿಕಲ್ ಸೀಟು ಅಲ್ಲೇ ಉಳಿಯುತ್ತದೆ. 2025ರಲ್ಲಿ ಎನ್‌ಐಎಚ್ ಎಷ್ಟೋ ಅನುದಾನಗಳನ್ನು ನಡುವೆಯೇ ರದ್ದು ಮಾಡಿದ ಮೇಲಂತೂ, ಲ್ಯಾಬಿನ ಹಣ ನಿಂತರೆ ಸ್ಟೈಪೆಂಡು ಯಾರು ಕೊಡುತ್ತಾರೆ ಎಂದು ಬರಹದಲ್ಲೇ ಕೇಳಿ ಪಡೆಯುವುದು ಒಳ್ಳೆಯದು.

ನಾಲ್ಕು ವರ್ಷ ಐದಾಗುವುದು ಸೋಮಾರಿತನದಿಂದಲ್ಲ. ಇಲಿಯ ಒಂದು ಬಗೆಯ ಜೀವಕೋಶದಲ್ಲಿ ಮಾತ್ರ ಎರಡು ಜೀನು ಕಿತ್ತು ನೋಡಬೇಕು ಅಂತಿಟ್ಟುಕೊಳ್ಳಿ. ಎರಡೂ ಜೀನಿಗೆ 'ಫ್ಲಾಕ್ಸ್' ಗುರುತಿರುವ ಇಲಿ ಒಂದು ಕಡೆ, ಆ ಗುರುತು ಕಂಡಲ್ಲಿ ಕತ್ತರಿಸುವ 'ಕ್ರೀ' ಪ್ರೋಟೀನಿನ ಇಲಿ ಇನ್ನೊಂದು ಕಡೆ. ಮೊದಲ ಸಲ ಕೂಡಿಸಿದಾಗ ಬೇಕಾದ ಮರಿ ಒಂದೂ ಹುಟ್ಟುವುದಿಲ್ಲ. ಪ್ರತಿ ಜೀನಿನ ಎರಡು ಪ್ರತಿಯಲ್ಲಿ ಒಂದಕ್ಕಷ್ಟೇ ಗುರುತು ಬಂದಿರುತ್ತದೆ, ಅರ್ಧ ಮರಿಗಳಿಗೆ ಕ್ರೀ ಬಂದಿರುತ್ತದೆ. ಅಂಥದ್ದನ್ನು ಮತ್ತೆ ಫ್ಲಾಕ್ಸ್ ಇಲಿಗೆ ಕೂಡಿಸಬೇಕು. ಆಗ ಎಂಟರಲ್ಲಿ ಒಂದು ಮರಿ ಬೇಕಾದ ಬಗೆಯದು. ಗಂಡು ಮಾತ್ರ ಬೇಕಾದರೆ ಹದಿನಾರರಲ್ಲಿ ಒಂದು. ಒಂದು ಸೂಲಿಗೆ ಆರೆಂಟು ಮರಿ. ಗರ್ಭ ಸುಮಾರು 3 ವಾರ, ಹಾಲು ಬಿಡಿಸಲು 3 ವಾರ, ಬೆದೆಗೆ ಬರಲು ಇನ್ನೂ ಮೂರು ನಾಲ್ಕು ವಾರ. ಎಂದರೆ ತಲೆಮಾರೊಂದಕ್ಕೆ ಎರಡೂವರೆ ಮೂರು ತಿಂಗಳು. ಪ್ರಯೋಗಕ್ಕೆ ಹತ್ತು ಇಲಿ, ಹೋಲಿಸಲು ಅದೇ ಸೂಲಿನ ಹತ್ತು ಇಲಿ ಸೇರುವಷ್ಟರಲ್ಲಿ ವರ್ಷ ಉರುಳಿರುತ್ತದೆ, ಇನ್ನೂ ಪ್ರಯೋಗ ಮಾಡಿಲ್ಲ. ಅನುಭವಸ್ಥರು ಇದಕ್ಕೆ ಮಾಡುವ ಉಪಾಯ ಸರಳ: ಮೆಡಿಕಲ್ ಎರಡನೇ ವರ್ಷದಲ್ಲೇ, ಸ್ಟೆಪ್ 1 (ವೈದ್ಯರ ಲೈಸೆನ್ಸಿನ ಮೊದಲ ಹಂತ) ಪರೀಕ್ಷೆಗೆ ಓದುವ ಹೊತ್ತಿಗೆ, ಲ್ಯಾಬಿನವರಿಗೆ ಹೇಳಿ ಮೊದಲ ಕೂಡಿಕೆ ಹಾಕಿಸಿಬಿಡುವುದು. ಲ್ಯಾಬಿಗೆ ಕಾಲಿಡುವ ದಿನ ಮರಿಗಳು ಪಂಜರದಲ್ಲಿ ಕಾಯುತ್ತಿರುತ್ತವೆ. ಹಾಗೆ ಹಾಕಿಸಿಕೊಡುವ ಲ್ಯಾಬೋ ಅಲ್ಲವೋ ಎನ್ನುವುದೇ ಪಿಐ ಬಗ್ಗೆ ಬಹಳ ಹೇಳುತ್ತದೆ.

ವಿದ್ಯಾರ್ಥಿಯ ಹೆಸರಿಗೇ ಎನ್‌ಐಎಚ್ ಕೊಡುವ ಎಫ್-30 ಫೆಲೋಶಿಪ್ ಅರ್ಜಿಯ ಗಡಿಯಾರವೂ ಇದೇ ಹೊತ್ತಿಗೆ ಓಡುತ್ತಿರುತ್ತದೆ. ಕಾರ್ಯಕ್ರಮಕ್ಕೆ ಸೇರಿದ 48 ತಿಂಗಳೊಳಗೆ ಮೊದಲ ಅರ್ಜಿ ಹೋಗಬೇಕು, ಅದರಲ್ಲಿ ಎರಡು ವರ್ಷ ಮೆಡಿಕಲ್ ತರಗತಿಯಲ್ಲೇ ಕಳೆದಿರುತ್ತದೆ. ಏಪ್ರಿಲ್ 8, ಆಗಸ್ಟ್ 8, ಡಿಸೆಂಬರ್ 8, ವರ್ಷಕ್ಕೆ ಮೂರು ಗಡುವು. ಗುರಿಗಳಿಗೆ ಒಂದು ಪುಟ, ಸಂಶೋಧನಾ ಯೋಜನೆಗೆ ಆರು ಪುಟ. ಒಳ್ಳೆಯ ಕಾರ್ಯಕ್ರಮಗಳು ಹಿರಿಯರ ಹಳೆಯ ಅರ್ಜಿಗಳನ್ನು, ತಿರಸ್ಕಾರವಾದವನ್ನೂ ಸೇರಿಸಿ, ಒಂದು ಫೋಲ್ಡರಿನಲ್ಲಿ ಇಟ್ಟಿರುತ್ತವೆ. ಕಾರ್ಯಾಗಾರಗಳಿಗಿಂತ ಆ ಫೋಲ್ಡರು ಹೆಚ್ಚು ಕೆಲಸಕ್ಕೆ ಬರುತ್ತದೆ.

ಜತೆಗಾರರ ಬಳಗದ ಮಾತಿಗೆ ಬರೋಣ. ಕರಪತ್ರದಲ್ಲಿ ಕಾಣುವುದು ಬೀಚಿನ ಫೋಟೋ, ಒಂದೇ ಬಣ್ಣದ ಟೀ ಶರ್ಟು. ವರ್ಷಕ್ಕೆ ಎಂಟರಿಂದ ಇಪ್ಪತ್ತೈದು ಜನ ಸೇರುವ ಸಣ್ಣ ಗುಂಪು ಇದು. ಮೊದಲೆರಡು ವರ್ಷ ಬಳಗದ ಅಗತ್ಯವೇ ಬೀಳುವುದಿಲ್ಲ, ಅನಾಟಮಿ ಟೇಬಲ್ಲಿನ ಸುತ್ತಲೇ ಗೆಳೆತನ ಬೆಳೆದಿರುತ್ತದೆ. ಬೇಕಾಗುವುದು ಪಿಎಚ್‌ಡಿ ಎರಡು ಮೂರನೇ ವರ್ಷದಲ್ಲಿ. ಆಗ ಮಾರ್ಚಿನ ಮೂರನೇ ಶುಕ್ರವಾರ ಬರುತ್ತದೆ, ಮ್ಯಾಚ್ ದಿನ: ಎಂಡಿ ಮುಗಿಸುವವರಿಗೆ ರೆಸಿಡೆನ್ಸಿ, ಅಂದರೆ ಮುಂದಿನ ಆಸ್ಪತ್ರೆ ತರಬೇತಿ, ಎಲ್ಲಿ ಎಂದು ತಿಳಿಯುವ ದಿನ. ಜತೆಗೆ ಸೇರಿದ ಮೆಡಿಕಲ್ ಗೆಳೆಯರು ಲಕೋಟೆ ಒಡೆದು, ಕುಣಿದು, ರೆಸಿಡೆನ್ಸಿಗೆ ಊರೂರಿಗೆ ಹೊರಟುಬಿಡುತ್ತಾರೆ. ಅತ್ತ ಪಿಎಚ್‌ಡಿ ವಿಭಾಗದವರಿಗೆ ಇವರು ನಡುವೆ ಬಂದು ನಡುವೆ ಹೋಗುವ ಅತಿಥಿಗಳು. ನಮ್ಮಲ್ಲಿ ಹಿಂದೆ ವಾರಾನ್ನದ ಹುಡುಗರಿದ್ದರಲ್ಲ, ಥೇಟ್ ಅದೇ ಪಾಡು: ಊಟ ಎಲ್ಲ ಮನೆಯಲ್ಲೂ ಉಂಟು, ತನ್ನದು ಅನ್ನುವ ಮನೆ ಯಾವುದೂ ಅಲ್ಲ. ಪ್ರಯೋಗ ಕೈಕೊಡುವುದೂ ಅದೇ ಕಾಲಕ್ಕೆ. ಪಿಎಚ್‌ಡಿ ಮುಗಿಸಿ ಎಂಡಿ ಬಿಡುವ, ಅಥವಾ ಲ್ಯಾಬು ಬಿಟ್ಟು ಬರೀ ಎಂಡಿಗೆ ಮರಳುವ ಯೋಚನೆ ಹುಟ್ಟುವುದು ಈ ತಿಂಗಳುಗಳಲ್ಲೇ.

ಈ ಹಳ್ಳ ದಾಟಿಸುವುದು ವಾರದ ಸಂಜೆ ಸಭೆ. ಎಲ್ಲ ಕಡೆಯೂ ಒಂದು ಇರುತ್ತದೆ, ಆದರೆ ಎರಡು ಬಗೆ. ಒಂದರಲ್ಲಿ ಹೊರಗಿನ ದೊಡ್ಡ ಪ್ರೊಫೆಸರು ಬಂದು ಒಂದು ಗಂಟೆ ಸ್ಲೈಡು ತೋರಿಸುತ್ತಾರೆ, ಹಿಂದಿನ ಸಾಲಿನವರು ಪಿಜ್ಜಾ ತಟ್ಟೆ ಹಿಡಿದು ಮೆಲ್ಲಗೆ ಜಾರುತ್ತಾರೆ. ಇನ್ನೊಂದರಲ್ಲಿ ಪಿಎಚ್‌ಡಿಯ ಒಬ್ಬರು ಇಪ್ಪತ್ತು ನಿಮಿಷ ತಮ್ಮ ಅರೆಬೆಂದ ಡೇಟಾ ಇಡುತ್ತಾರೆ, ವಾರ್ಡಿಗೆ ಮರಳಿದ ಒಬ್ಬರು ಆ ತಿಂಗಳು ಕಂಡ ಒಂದು ಕೇಸು ಹೇಳುತ್ತಾರೆ, ಮೊದಲ ವರ್ಷದವರಿಂದ ಎಂಟನೇ ವರ್ಷದವರವರೆಗೆ ಒಂದೇ ಕೋಣೆಯಲ್ಲಿ ಕೂತಿರುತ್ತಾರೆ. ಎರಡನೆಯದಕ್ಕೆ ಐದಕ್ಕೆ ಐದು ಅಂಕ. ಇಂಥ ಪಿಐ ನಾಲ್ಕನೇ ವರ್ಷಕ್ಕೆ ಬಿಡುವುದಿಲ್ಲ, ಅಂಥವರು ವಾರಕ್ಕೊಮ್ಮೆ ಕೂತು ಮಾತಾಡುತ್ತಾರೆ ಅನ್ನುವ ಸುದ್ದಿ ಯಾವ ವೆಬ್‌ಸೈಟಿನಲ್ಲೂ ಸಿಗುವುದಿಲ್ಲ. ಅದು ಆ ಕೋಣೆಯಲ್ಲಿ, ಸಭೆ ಮುಗಿದು ತಟ್ಟೆ ಎತ್ತುವಾಗ ಸಿಗುತ್ತದೆ. ವರ್ಷಕ್ಕೊಮ್ಮೆ ಊರಾಚೆ ಎರಡು ದಿನದ ರಿಟ್ರೀಟ್ ಇರುತ್ತದೆ. ಅದು ಚೆನ್ನಾಗಿಯೇ ಇರುತ್ತದೆ, ಅದಕ್ಕಿಂತ ಹೆಚ್ಚೇನಿಲ್ಲ.

ಬಳಗ ಕಟ್ಟುವುದರಲ್ಲಿ ಊರಿನ ಭೂಗೋಳದ ಪಾತ್ರವೂ ದೊಡ್ಡದು. ಮ್ಯಾನ್‌ಹ್ಯಾಟನ್ನಿನಲ್ಲಿ ರಾಕ್‌ಫೆಲರ್, ವೈಲ್ ಕಾರ್ನೆಲ್, ಸ್ಲೋನ್ ಕೆಟರಿಂಗ್ ಮೂರೂ ಯಾರ್ಕ್ ಅವೆನ್ಯೂ ಒಂದರಲ್ಲೇ ಸಾಲಾಗಿ ನಿಂತಿವೆ; ಲ್ಯಾಬಿನಿಂದ ವಾರ್ಡಿಗೆ ಚಪ್ಪಲಿ ಸವೆಯದಷ್ಟು ದೂರ. ಹಾರ್ವರ್ಡ್-ಎಂಐಟಿ ಕಾರ್ಯಕ್ರಮದಲ್ಲಿ ಮೆಡಿಕಲ್ ಸ್ಕೂಲು ಬಾಸ್ಟನ್ನಿನ ಲಾಂಗ್‌ವುಡ್‌ನಲ್ಲಿ, ಎಂಐಟಿ ಲ್ಯಾಬು ಚಾರ್ಲ್ಸ್ ನದಿಯಾಚೆ ಕೇಂಬ್ರಿಜ್‌ನಲ್ಲಿ. ಕಲಿಕೆಯ ಗುಣಮಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಸಂಜೆ ಆರರ ಸಭೆಗೆ ಜೆಲ್ ಓಡಿಸುತ್ತಿರುವವರು ಬರುತ್ತಾರೋ ಇಲ್ಲವೋ ಎನ್ನುವುದು ನಡೆದು ಬರುವ ನಿಮಿಷಗಳ ಮೇಲೆ ನಿಂತಿದೆ. ಲ್ಯಾಬು ದೂರವಿರುವ ಕಡೆ ಸಭೆ ಎಲ್ಲಿ ಇಡುತ್ತಾರೆ, ಬಸ್ಸು ಎಷ್ಟು ಹೊತ್ತಿನವರೆಗೆ ಇದೆ ಎಂದು ಕೇಳಿಕೊಳ್ಳಿ.

ಎರಡನೇ ಬೆಸುಗೆಯಲ್ಲೇ ಹೆಚ್ಚು ಸೋರಿಕೆ. ವಾರ್ಡಿನ ಪೋಸ್ಟಿಂಗು ವರ್ಷಕ್ಕೆ ಒಂದೋ ಎರಡೋ ಸಲ ಮಾತ್ರ ಶುರುವಾಗುವ ಕಾಲೇಜಾದರೆ, ಥೀಸಿಸ್ ಡಿಫೆನ್ಸು (ಪಿಎಚ್‌ಡಿಯ ಕೊನೆಯ ಮೌಖಿಕ ಪರೀಕ್ಷೆ) ಮೂರು ವಾರ ತಡವಾದರೂ ಆರು ತಿಂಗಳೋ ಒಂದು ವರ್ಷವೋ ಹೋದಂತೆ. ವರ್ಷದಲ್ಲಿ ಎಷ್ಟು ಸಲ ಒಳಹೋಗುವ ಬಾಗಿಲು ತೆರೆಯುತ್ತದೆ ಎನ್ನುವುದು ಮುಖ್ಯ ಪ್ರಶ್ನೆ, ನಾಲ್ಕಿದ್ದರೆ ನೆಮ್ಮದಿ. ಇನ್ನೊಂದು ತೊಡಕು, ಡಿಫೆನ್ಸು ಮುಗಿದರೂ ಪೇಪರು ಮುಗಿದಿರುವುದಿಲ್ಲ. ಸರ್ಜರಿ ಪೋಸ್ಟಿಂಗಿನ ನಡುವೆ ಪತ್ರಿಕೆಯ ವಿಮರ್ಶಕರು ಇನ್ನೆರಡು ಪ್ರಯೋಗ ಕೇಳುತ್ತಾರೆ. ಆ ಪ್ರಯೋಗ ಯಾರು ಮಾಡುವುದು, ಮೊದಲ ಹೆಸರು ಯಾರದು ಅನ್ನುವುದನ್ನು ಲ್ಯಾಬು ಬಿಡುವ ಮೊದಲೇ ಪಿಐ ಜತೆ ಕೂತು ಬರೆದಿಟ್ಟುಕೊಂಡವರು ಬಚಾವು.

ಪರೀಕ್ಷೆಗಳ ಗಡುವೂ ನೆನಪಿರಲಿ. ಸ್ಟೆಪ್ 1 ಬಹುಪಾಲು ಕಡೆ ಲ್ಯಾಬಿಗೆ ಹೋಗುವ ಮೊದಲೇ ಬರೆಯುತ್ತಾರೆ. 2022ರ ಜನವರಿಯಿಂದ ಅದಕ್ಕೆ ಅಂಕವಿಲ್ಲ, ಪಾಸು ಇಲ್ಲವೇ ಫೇಲು. ಎಲ್ಲ ಸ್ಟೆಪ್‌ಗಳನ್ನೂ ಏಳು ವರ್ಷದೊಳಗೆ ಮುಗಿಸಬೇಕೆಂದು ಹಲವು ರಾಜ್ಯಗಳ ಲೈಸೆನ್ಸ್ ಮಂಡಳಿಗಳ ನಿಯಮ. ಎರಡು ಪದವಿ ಮಾಡುವವರಿಗೆ ಸಾಕಷ್ಟು ರಾಜ್ಯಗಳಲ್ಲಿ ರಿಯಾಯಿತಿ ಇದೆ, ಎಲ್ಲ ಕಡೆ ಒಂದೇ ಥರ ಇಲ್ಲ.

ನಾಲ್ಕು ವರ್ಷದ ಮೇಲೆ ವಾರ್ಡಿನ ಮೊದಲ ಬೆಳಗ್ಗೆ ಹೀಗಿರುತ್ತದೆ. ಐದೂವರೆಗೆ ಆಸ್ಪತ್ರೆ. ಏಳರೊಳಗೆ ಇಬ್ಬರು ಮೂವರು ರೋಗಿಗಳನ್ನು ನೋಡಿ ರಾತ್ರಿಯ ಜ್ವರ, ಬಿಪಿ, ಮೂತ್ರದ ಅಳತೆ, ಬೆಳಗಿನ ರಕ್ತಪರೀಕ್ಷೆ ಬರೆದುಕೊಂಡು, ರೌಂಡ್ಸಿನಲ್ಲಿ ಮೂರು ನಿಮಿಷದಲ್ಲಿ ಒಪ್ಪಿಸಬೇಕು. ಲ್ಯಾಬಿನ ಅಭ್ಯಾಸ ಕೈಕೊಡುವುದು ಇಲ್ಲೇ. ಲ್ಯಾಬಿನಲ್ಲಿ ಮೊದಲು ಡೇಟಾ, ಆಮೇಲೆ ತೀರ್ಮಾನ, ಅದಕ್ಕೂ ಹತ್ತು 'ಆದರೆ'. ವಾರ್ಡಿನಲ್ಲಿ ಮೊದಲ ವಾಕ್ಯಕ್ಕೇ ರೋಗಿ ಯಾರು, ಯಾಕೆ ಬಂದರು, ನಿನ್ನೆಗಿಂತ ಇವತ್ತು ಹೇಗಿದ್ದಾರೆ ಹೇಳಿಬಿಡಬೇಕು. ಪೊಟ್ಯಾಸಿಯಂ 3.1 ಬಂದಿದ್ದರೆ ಅದು ಇಳಿಯುವ ಏಳು ದಾರಿಗಳ ವಿವರ ಯಾರಿಗೂ ಬೇಡ. ಕಿಡ್ನಿ ಸರಿಯಿದ್ದರೆ 40 ಮಿಲಿ ಈಕ್ವಿವಲೆಂಟ್ ಬಾಯಿಂದ ಕೊಡೋಣ, ಮೆಗ್ನೀಷಿಯಂ ನೋಡೋಣ, ಮತ್ತೆ ರಕ್ತ ತೆಗೆಯೋಣ, ಮುಂದಿನ ರೋಗಿ. ಇದನ್ನೆಲ್ಲ ಕೇಳಿಸಿಕೊಳ್ಳುತ್ತ ನಿಂತ ಮೂರನೇ ವರ್ಷದ ರೆಸಿಡೆಂಟ್ ಯಾರೆಂದರೆ ಆರು ವರ್ಷದ ಹಿಂದೆ ಜತೆಗೆ ತರಗತಿಗೆ ಸೇರಿದವರು. ಈಗ ಇವರ ಗ್ರೇಡಿಗೆ ಸಹಿ ಹಾಕುವವರ ಸಾಲಿನಲ್ಲಿದ್ದಾರೆ. ಮುಜುಗರ ಎರಡು ಕಡೆಗೂ ಇರುತ್ತದೆ, ವಾರದಲ್ಲಿ ಕರಗುತ್ತದೆ. ಕರಗದೆ ಉಳಿಯುವುದು ಪಿಎಚ್‌ಡಿ ಮುಗಿದವರೆಂದು ಹಿರಿಯ ವೈದ್ಯರು ಇಟ್ಟುಕೊಳ್ಳುವ ನಿರೀಕ್ಷೆ. ಅದಕ್ಕೇ ಎಷ್ಟೋ ಜನ ಮೊದಲ ತಿಂಗಳು ಆ ಪದವಿಯ ಸುದ್ದಿ ಎತ್ತುವುದೇ ಇಲ್ಲ, ಜಾಣತನ.

ತುಕ್ಕು ಬಿಡಿಸುವ ಕೆಲಸ ಹಿಂದಿನ ವಾರ ಶುರು ಮಾಡಿದರೆ ಸಾಲದು. ಲ್ಯಾಬಿನ ವರ್ಷಗಳಲ್ಲಿ ವಾರಕ್ಕೋ ಹದಿನೈದು ದಿನಕ್ಕೋ ಒಂದು ಅರ್ಧ ದಿನ ಒಬ್ಬರೇ ವೈದ್ಯರ ಕ್ಲಿನಿಕ್ಕಿಗೆ ಹೋಗಿ ಬರುವ ಏರ್ಪಾಡು ಹಲವು ಕಾರ್ಯಕ್ರಮಗಳಲ್ಲಿದೆ. ಕಡ್ಡಾಯವಿದ್ದಲ್ಲಿ ಇದು ನಡೆಯುತ್ತದೆ. ಐಚ್ಛಿಕವಿದ್ದಲ್ಲಿ ಪಿಐ ಮುಖ ನೋಡಿ ವಿದ್ಯಾರ್ಥಿಯೇ ಬಿಟ್ಟುಬಿಡುತ್ತಾರೆ. ಮರಳುವ ಮುನ್ನ ನಾಲ್ಕರಿಂದ ಎಂಟು ವಾರದ ರಿಫ್ರೆಶರ್ ಇದ್ದು, ನಟರೋಗಿಗಳ ಮೇಲೆ ಪರೀಕ್ಷೆ ಮಾಡಿಸಿ, ತಪ್ಪು ತೋರಿಸಿ, ಅಂಕ ಕೊಡದೆ ಬಿಟ್ಟರೆ ಅದು ಒಳ್ಳೆಯ ಕಾರ್ಯಕ್ರಮ. ಮೊದಲ ಪೋಸ್ಟಿಂಗು ಫ್ಯಾಮಿಲಿ ಮೆಡಿಸಿನ್ ಥರದ ಹೊರರೋಗಿ ವಿಭಾಗ ಸಿಗುವಂತೆ ನೋಡಿಕೊಳ್ಳುವುದು ಇನ್ನೂ ಒಳ್ಳೆಯದು. ಸರ್ಜರಿಯಿಂದ ಶುರು ಮಾಡಿಸುವುದು ಈಜು ಮರೆತವರನ್ನು ಬಾವಿಗೆ ತಳ್ಳಿದಂತೆ.

ಯಾರಿಗೆ ಇದು ಸಿಗುವುದೇ ಇಲ್ಲ ಎಂಬುದನ್ನು ಕನ್ನಡದ ಮನೆಗಳು ತಡವಾಗಿ ತಿಳಿದುಕೊಳ್ಳುತ್ತವೆ. ಎನ್‌ಐಎಚ್ ಕಾಲೇಜುಗಳಿಗೆ ಕೊಡುವ ಟಿ-32 ತರಬೇತಿ ಹಣವಾಗಲಿ ಎಫ್-30 ಆಗಲಿ ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡಿನವರಿಗೆ ಮಾತ್ರ. ಅಪ್ಪ ಅಮ್ಮನ ಕೆಲಸದ ವೀಸಾಕ್ಕೆ ಅಂಟಿದ ಎಚ್-4ರಲ್ಲಿ ಎರಡನೇ ಕ್ಲಾಸಿಗೆ ಬಂದು ಅಲ್ಲೇ ಓದಿ ಬೆಳೆದ ಮಗುವೂ 21ಕ್ಕೆ ವಿದ್ಯಾರ್ಥಿಗಳ ಎಫ್-1 ವೀಸಾಕ್ಕೆ ಹೊರಳಿದರೆ ಈ ಲೆಕ್ಕದಲ್ಲಿ ವಿದೇಶಿ ವಿದ್ಯಾರ್ಥಿ. ಕಾಲೇಜು ತನ್ನ ದುಡ್ಡಿನಲ್ಲಿ ಓದಿಸುವ ಕೆಲವೇ ಕಡೆ ಅವರನ್ನು ತೆಗೆದುಕೊಳ್ಳುತ್ತಾರೆ. ಆ ಪಟ್ಟಿ ಮಾಡಿಕೊಂಡೇ ಅರ್ಜಿ ಹಾಕಬೇಕು, ಇಲ್ಲದಿದ್ದರೆ ಅರ್ಜಿ ಶುಲ್ಕ ನೀರಲ್ಲಿ ಹೋಮ. ಇಲ್ಲಿ ಎಂಬಿಬಿಎಸ್ ಮುಗಿಸಿದವರಿಗೆ ಈ ಬಾಗಿಲೇ ಅಲ್ಲ. ಅವರ ದಾರಿ ಅಲ್ಲಿ ಬರೀ ಪಿಎಚ್‌ಡಿ, ಅಥವಾ ಸ್ಟೆಪ್ ಪರೀಕ್ಷೆ ಬರೆದು ಸಂಶೋಧನೆ ಸೇರಿಸಿದ ರೆಸಿಡೆನ್ಸಿ.

ಬೆಂಗಳೂರಿನ ಕಡೆಗೂ ಒಂದು ಕಣ್ಣಿರಲಿ. 2022ರ ಫೆಬ್ರವರಿಯಲ್ಲಿ ಮೈಂಡ್‌ಟ್ರೀ ಕಂಪನಿಯ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 425 ಕೋಟಿ ರೂಪಾಯಿ ಕೊಟ್ಟು, ಐಐಎಸ್‌ಸಿ ಆವರಣದಲ್ಲೇ 800 ಹಾಸಿಗೆಯ ಆಸ್ಪತ್ರೆ ಮತ್ತು ಮೆಡಿಕಲ್ ಸ್ಕೂಲಿನ ಯೋಜನೆ ಪ್ರಕಟವಾಯಿತು. ಅದರ ನಡುಗಂಬ ಎಂಡಿ-ಪಿಎಚ್‌ಡಿ. ನಮ್ಮಲ್ಲಿ ಎಂಡಿ ಎಂದರೆ ಎಂಬಿಬಿಎಸ್ ಆದ ಮೇಲಿನ ಓದು, ಹಾಗಾಗಿ ಇಲ್ಲಿ ಲ್ಯಾಬಿಗೆ ಬರುವವರು ಈಗಾಗಲೇ ರೋಗಿ ನೋಡಿ ಪಳಗಿದ ವೈದ್ಯರು. ಅಮೆರಿಕದ ಎರಡನೇ ಬೆಸುಗೆಯ ತುಕ್ಕು ಇಲ್ಲಿ ಅಷ್ಟು ಹಿಡಿಯದು. ಬದಲಿಗೆ ಆಸ್ಪತ್ರೆಯ ಡ್ಯೂಟಿ ಲ್ಯಾಬಿನ ಹೊತ್ತನ್ನು ನುಂಗದಂತೆ ಕಾಯುವುದು ಇಲ್ಲಿನ ಕಷ್ಟವಾದೀತು.

ಅರ್ಜಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾಮೂಲಿ ಎಂಡಿ ಅರ್ಜಿಯ ಮೇಲೆ ಎರಡು ಪ್ರಬಂಧ: ಯಾಕೆ ಎರಡೂ ಪದವಿ ಎಂಬುದಕ್ಕೆ 3,000 ಅಕ್ಷರ, ಮಾಡಿದ ಸಂಶೋಧನೆಗೆ 10,000 ಅಕ್ಷರ. ಎರಡನೆಯದರಲ್ಲಿ ಲ್ಯಾಬು ಏನು ಕಂಡುಹಿಡಿಯಿತು ಎಂದು ಬರೆಯುವವರೇ ಜಾಸ್ತಿ. ಓದುವವರಿಗೆ ಬೇಕಾದದ್ದು ಅದರಲ್ಲಿ ನಿಮ್ಮ ಕೈ ಎಲ್ಲಿತ್ತು, ಏನು ಕೆಟ್ಟಿತು, ಆಮೇಲೆ ಏನು ಬದಲಿಸಿದಿರಿ ಎನ್ನುವುದು.

ಸಂದರ್ಶನಕ್ಕೆ ಹೋದಾಗ ಊಟಕ್ಕೆ ಕರೆದೊಯ್ಯಲು ಬರುವವರು ಸಾಮಾನ್ಯವಾಗಿ ಮೊದಲ ವರ್ಷದವರು. ಪಾಪ, ಅವರಿನ್ನೂ ಯಾವ ಬೆಸುಗೆಯನ್ನೂ ದಾಟಿಲ್ಲ, ಎಲ್ಲವೂ ಚೆಂದ ಅನ್ನುತ್ತಾರೆ. ಪಿಎಚ್‌ಡಿ ನಾಲ್ಕನೇ ವರ್ಷದವರೊಬ್ಬರ ಜತೆ, ವಾರ್ಡಿಗೆ ಮರಳಿ ಮೂರು ತಿಂಗಳಾದವರೊಬ್ಬರ ಜತೆ ಹತ್ತು ನಿಮಿಷ ಕೊಡಿಸಿ ಎಂದು ಕೇಳಿ. ಕೊಡಿಸಲು ಹಿಂಜರಿದರೆ ಅದೂ ಒಂದು ಉತ್ತರ. ಹೊರಡುವ ಮುಂಚೆ ಕಾರ್ಯಕ್ರಮದ ಕೋಆರ್ಡಿನೇಟರ್ ಮೇಜಿನ ಮುಂದೆ ನಿಂತು ಒಂದು ಪ್ರಶ್ನೆ ಹಾಕಿ: ಕಳೆದ ಐದು ವರ್ಷದಲ್ಲಿ ವಾರ್ಡಿಗೆ ಮರಳಬೇಕಿದ್ದ ದಿನಕ್ಕೆ ಎಷ್ಟು ಜನ ಮರಳಲಿಲ್ಲ, ಆ ತಿಂಗಳುಗಳ ಸ್ಟೈಪೆಂಡು ಯಾರು ಕೊಟ್ಟರು? ಡೈರೆಕ್ಟರ್ ಸಾಹೇಬರು ಸುತ್ತಿ ಬಳಸಿ ಹೇಳಬಹುದು. ಆ ಚೆಕ್ಕುಗಳಿಗೆ ಓಡಾಡಿದ ಕೋಆರ್ಡಿನೇಟರಿಗೆ ತಾರೀಖು ಸಮೇತ ಗೊತ್ತಿರುತ್ತದೆ.